ಲಕ್ಕವಳ್ಳಿ ಹಿನ್ನೀರಿನ ಬೋಟ್ ಸಫಾರಿ: ಬೆಳಗಿನ ಟ್ರಿಪ್ಪನ್ನೇ ಹಿಡಿಯಿರಿ

ತರೀಕೆರೆ ಪಕ್ಕದಲ್ಲೇ ನಮ್ಮ ಅಡಿಕೆ ತೋಟ. ಭದ್ರಾ ನಾಲೆ ನೀರಲ್ಲೇ ಬೆಳೆದದ್ದು. ಅಷ್ಟಿದ್ದೂ ಆ ನೀರು ನಿಲ್ಲುವ ಲಕ್ಕವಳ್ಳಿಯ ಭದ್ರಾ ಡ್ಯಾಂ ಹಿನ್ನೀರಿಗೆ ಬೋಟಲ್ಲಿ ಹೋಗಿದ್ದು ಈ ಜನವರಿ ಕೊನೆಯಲ್ಲೇ ಮೊದಲು. ನಾಲ್ಕನೇ ಕ್ಲಾಸಿನ ಮಗಳ ಹಟ.

ಆರೂವರೆಗೆ ದಡದಲ್ಲಿ ನಿಂತಾಗ ಎದುರಿನ ಗುಡ್ಡವೇ ಕಾಣದಷ್ಟು ಮಂಜು. ಸ್ವೆಟರ್ ಸಾಲದು, ಕಿವಿ ಮುಚ್ಚುವ ಟೋಪಿಯೂ ಬೇಕು. ಬೋಟ್ ಹೊರಟರೆ ಗಾಳಿ ಮುಖಕ್ಕೇ ಹೊಡೆಯುತ್ತೆ.

ಡ್ಯಾಂ ಕಟ್ಟಿದಾಗ ಮುಳುಗಿದ ಕಾಡಿನ ಒಣಬೊಡ್ಡೆಗಳು ಇನ್ನೂ ನೀರಿನಿಂದ ತಲೆ ಎತ್ತಿ ನಿಂತಿವೆ. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಹರವಿಕೊಂಡು ಬಿಸಿಲಿಗೆ ಕಾಯುತ್ತಿದ್ದವು. ಒಂದು ಬೊಡ್ಡೆ ಮೇಲೆ ಆಸ್ಪ್ರೆ. ಚಳಿಗಾಲಕ್ಕೆ ಉತ್ತರದಿಂದ ಬರುವ, ಮೀನನ್ನೇ ನಂಬಿದ ಹದ್ದು. ಚಾಲಕ ಇಂಜಿನ್ ಆಫ್ ಮಾಡಿದರು. ಐದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಹಕ್ಕಿ ಎದ್ದು ಒಂದು ಸುತ್ತು ಹಾಕಿ, ಕಾಲು ಮುಂದೆ ಚಾಚಿ ದಬ್ಬೆಂದು ನೀರಿಗೆ ಬಿತ್ತು. ಮೇಲೆದ್ದಾಗ ಉಗುರಲ್ಲಿ ಅಂಗೈಯುದ್ದದ ಮೀನು. ಹಾರುತ್ತಲೇ ಅದನ್ನು ತಿರುಗಿಸಿ, ಮೀನಿನ ತಲೆ ಮುಂದಕ್ಕೆ ಬರುವಂತೆ ಹಿಡಿದುಕೊಂಡಿತು. ಗಾಳಿ ತಡೆಯದಿರಲಿ ಅಂತ. ಅದರ ಹೊರಬೆರಳು ಹಿಂದಕ್ಕೂ ತಿರುಗುವುದರಿಂದ ಜಾರುವ ಮೀನನ್ನು ಎರಡು ಬೆರಳು ಮುಂದೆ, ಎರಡು ಹಿಂದೆ ಮಾಡಿ ಕಚ್ಚಿಕೊಳ್ಳುತ್ತೆ. ಅಂಥದ್ದನ್ನು ಎದುರಿಗೇ ನೋಡಿದೆವು.

ಒಂದು ಬೇಜಾರು: ಪೇಟೆಯ ಅಂಗಡಿಯೊಂದರಲ್ಲಿ ಬಾಡಿಗೆಗೆ ತಂದ ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಪೂರ್ತಿ ಬೂಷ್ಟು. ತರುವಾಗಲೇ ಎರಡೂ ಕಣ್ಣಲ್ಲಿ ನೋಡಿ ತನ್ನಿ.

ನನಗೆ ಈ ಟ್ರಿಪ್ ದೊಡ್ಡದೆನಿಸಿದ್ದು ರೀವಗಳಿಂದ. ನದಿ ರೀವ, ಇಂಗ್ಲಿಷಲ್ಲಿ ರಿವರ್ ಟರ್ನ್. ಹಳದಿ ಕೊಕ್ಕು, ಕೆಂಪು ಕಾಲು, ತಲೆಗೆ ಕರಿ ಟೋಪಿ, ಕವಲೊಡೆದ ಬಾಲ. ಇವು ಹೊರದೇಶದಿಂದ ಬಂದವಲ್ಲ, ನಮ್ಮ ನದಿಗಳವೇ. ಚಳಿ ಮುಗಿಯುತ್ತಾ ಬಂದಂತೆ ಇಲ್ಲಿ ಗುಂಪುಗೂಡುತ್ತವೆ. ಯಾಕೆ ಇಲ್ಲೇ ಅಂದರೆ, ಬೇಸಿಗೆ ಬೆಳೆಗೆ ನಾಲೆ ಬಿಟ್ಟಂತೆಲ್ಲ ಹಿನ್ನೀರು ಇಳಿದು ನಡುವೆ ಮಣ್ಣುಕಲ್ಲಿನ ದಿಬ್ಬಗಳು ಬಯಲಾಗುತ್ತವೆ. ಗೂಡು ಅಂತ ಕಟ್ಟುವುದಿಲ್ಲ, ಬರಿಯ ನೆಲದ ಗುಳಿಯಲ್ಲೇ ಮೊಟ್ಟೆ. ಸುತ್ತಲಿನ ಮಣ್ಣುಕಲ್ಲಿನ ಬಣ್ಣದ್ದು, ಪಕ್ಕದಲ್ಲಿ ನಿಂತರೂ ಕಾಣದು. ಮೊಟ್ಟೆ ಇರುವಾಗ ನೀರು ಮತ್ತೆ ಏರಿದರೆ ಎಲ್ಲ ಹೋಯಿತು. ಜಗತ್ತಿನ ಅಪಾಯದಂಚಿನ ಪಟ್ಟಿಯಲ್ಲಿರುವ ಹಕ್ಕಿ ಇದು. ನನ್ನ ತೋಟಕ್ಕೆ ಬರುವ ನೀರೇ ಅವಕ್ಕೆ ನೆಲ ಬಿಟ್ಟುಕೊಡುತ್ತದೆ ಅಂತ ಅಲ್ಲಿ ಕೂತಾಗಲೇ ಹೊಳೆದದ್ದು. ಇಷ್ಟು ವರ್ಷ ನಾಲೆ ಯಾವಾಗ ಬಿಡ್ತಾರೆ ಅಂತ ಮಾತ್ರ ಕೇಳುತ್ತಿದ್ದೆ.

ನಮ್ಮ ಚಾಲಕ ದಿಬ್ಬದ ಹತ್ತಿರಕ್ಕೆ ಹೋಗಲಿಲ್ಲ. ಹಿಂದಿನ ಸೀಟಿನವರು ಫೋಟೋಗೆ 'ಇನ್ನೂ ಸ್ವಲ್ಪ' ಅಂದರೂ ಬಗ್ಗಲಿಲ್ಲ. ಅದಕ್ಕೇ ನನ್ನ ಪೂರ್ತಿ ಅಂಕ. ರೀವಗಳು ಎದ್ದು ಕಿರುಚದೆ ತಮ್ಮ ಪಾಡಿಗೆ ಕೂತಿದ್ದವು. ಒಂದು ಗಂಡು ಸಣ್ಣ ಮೀನು ತಂದು ಹೆಣ್ಣಿನ ಮುಂದೆ ತಲೆ ಬಾಗಿಸಿ ನಿಂತಿತ್ತು. ಅವಳು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಕಸಿಯಿತು.

ದಡದಲ್ಲಿ ಆನೆಗಳೂ ಕಂಡವು, ದೂರದಲ್ಲಿ.

ಟಿಕೆಟ್ ಅಗ್ಗವಲ್ಲ, ಕೊಟ್ಟಿದ್ದಕ್ಕೆ ಬೇಸರವೂ ಇಲ್ಲ. ಮಾರ್ಚ್‌ನಲ್ಲಿ ಮರಿ ನೋಡಲು ಮತ್ತೆ ಹೋಗುವುದು ಅಂತ ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.