ಶಾಲೆಯಲ್ಲಿ ಕೊಡುವ ಹುಳದ ಮಾತ್ರೆ: ಒಬ್ಬ ಮೆಡಿಕಲ್ ಅಂಗಡಿಯವನ ಅಭಿಪ್ರಾಯ

ಸಾಗರದ ಕಡೆ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ. ಫೆಬ್ರವರಿ, ಆಗಸ್ಟ್ ಬಂತೆಂದರೆ ಅಪ್ಪ ಅಮ್ಮಂದಿರು ಬಂದು ಒಂದೇ ಮಾತು ಹೇಳುತ್ತಾರೆ. "ಅಣ್ಣಾ, ಶಾಲೇಲಿ ಹುಳದ ಮಾತ್ರೆ ಕೊಡ್ತಾರಂತೆ. ಅದು ಬೇಡ, ನೀವೇ ಯಾವ್ದಾದ್ರೂ ಒಳ್ಳೆ ಕಂಪನಿದು ಕೊಡಿ." ಅವರಿಗೆ ನಾನು ಹೇಳುವುದು ಇಷ್ಟೇ: ಶಾಲೆಯಲ್ಲೇ ತಿನ್ನಲಿ ಬಿಡಿ. ನನ್ನ ಮಗಳು ಸರ್ಕಾರಿ ಶಾಲೆಗೆ ಹೋಗುತ್ತಾಳೆ, ಅವಳೂ ಅಲ್ಲೇ ತಿನ್ನುತ್ತಾಳೆ.

ಶಾಲೆಯಲ್ಲಿ ಕೊಡುವುದು ಆಲ್ಬೆಂಡಜೋಲ್, 400 ಮಿಲಿಗ್ರಾಂ. ನನ್ನ ಕಪಾಟಿನಲ್ಲಿ ಇರುವುದೂ ಅದೇ ಔಷಧಿ, ಅಷ್ಟೇ ಪ್ರಮಾಣ. ಹುಳುವಿಗೆ ಸಕ್ಕರೆ ಅಂಶ ಹೀರಿಕೊಳ್ಳಲು ಆಗದ ಹಾಗೆ ಮಾಡುತ್ತದೆ, ಹುಳು ಶಕ್ತಿ ಇಲ್ಲದೆ ಸಾಯುತ್ತದೆ. ಪುಕ್ಕಟೆ ಕೊಡುತ್ತಾರೆ ಅಂದಮಾತ್ರಕ್ಕೆ ಕಳಪೆ ಅಂದುಕೊಳ್ಳಬೇಡಿ.

ನನ್ನ ಅಂಗಡಿಯಿಂದ ಒಯ್ದು ಮನೆಯಲ್ಲಿ ಕೊಟ್ಟರೆ ಆ ಒಂದು ಮಗುವಿನ ಹೊಟ್ಟೆಯ ಹುಳು ಹೋಗುತ್ತದೆ. ಆದರೆ ಮೊಟ್ಟೆ ಇರುವುದು ಮಣ್ಣಿನಲ್ಲಿ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಬಯಲಿಗೆ ಹೋಗುವ ಕಡೆ ಅದು ಮಣ್ಣು ಸೇರಿ, ಸೊಪ್ಪು ತರಕಾರಿಯಿಂದಲೋ ಉಗುರಿನ ಸಂದಿಯಿಂದಲೋ ಬಾಯಿಗೆ ಬರುತ್ತದೆ. ಕೊಕ್ಕೆಹುಳು ಇನ್ನೂ ಕೆಟ್ಟದ್ದು. ಅದರ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನಮ್ಮ ಮಲೆನಾಡಿನಲ್ಲಿ ಆಗಸ್ಟ್‌ನಲ್ಲಿ ತೋಟದ ಮಣ್ಣು ಒಣಗುವುದೇ ಇಲ್ಲ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೆಸರಿನಲ್ಲಿ ನಡೆದು ಬರುತ್ತಾರೆ.

ಊರಿನ ಮಕ್ಕಳೆಲ್ಲ ಒಂದೇ ದಿನ ಮಾತ್ರೆ ತಿಂದರೆ ಮಣ್ಣಿಗೆ ಬೀಳುವ ಮೊಟ್ಟೆಯೇ ಕಡಿಮೆಯಾಗುತ್ತದೆ. ಒಬ್ಬೊಬ್ಬರೇ ಬೇಕೆಂದಾಗ ತಿಂದರೆ ಈ ಲಾಭ ಇಲ್ಲ. ನಾನು ಶಾಲೆಯ ಕಡೆಗೆ ಕೈ ತೋರಿಸುವುದು ಮುಖ್ಯವಾಗಿ ಇದೇ ಕಾರಣಕ್ಕೆ. 2015ರಲ್ಲಿ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶುರುವಾಗಿ ಮರುವರ್ಷ ಇಡೀ ದೇಶಕ್ಕೆ ಬಂದ ಕಾರ್ಯಕ್ರಮ ಇದು. 1ರಿಂದ 19 ವರ್ಷದವರಿಗೆಲ್ಲ ಕೊಡುತ್ತಾರೆ.

ಇಂಥ ಸಾಮೂಹಿಕ ಮಾತ್ರೆಯಿಂದ ಮಕ್ಕಳ ತೂಕ, ಓದು ಎಷ್ಟು ಸುಧಾರಿಸುತ್ತದೆ ಅಂತ ಸಂಶೋಧಕರಲ್ಲೇ ದೊಡ್ಡ ವಾದ ಇದೆ. ಕೀನ್ಯಾದ ಬುಸಿಯಾದಲ್ಲಿ ಅರ್ಥಶಾಸ್ತ್ರಜ್ಞರಾದ ಮೈಕಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ಮಾಡಿದ ಅಧ್ಯಯನ ಶಾಲೆ ತಪ್ಪಿಸುವುದು ಕಡಿಮೆಯಾಯಿತು ಅಂದಿತು. ಆ ಲೆಕ್ಕವನ್ನು ಆಮೇಲೆ ಬೇರೆಯವರು ಪ್ರಶ್ನಿಸಿದರು. ಪರೀಕ್ಷೆಯಲ್ಲಿ ಅಂಕ ಏರಲಿ ಬಿಡಲಿ, ಮಗುವಿನ ರಕ್ತ ಕುಡಿಯುವ ಹುಳು ಹೊಟ್ಟೆಯಲ್ಲಿ ಇರಬಾರದು ಅಲ್ವಾ? ನನಗೆ ಅಷ್ಟು ಸಾಕು.

ಹೋದ ಆಗಸ್ಟ್‌ನಲ್ಲಿ ಮಗಳ ಶಾಲೆಗೆ ಹೋಗಿ ನಿಂತು ನೋಡಿದೆ. ಬಿಸಿಯೂಟ ಮುಗಿಸಿ ಮಕ್ಕಳು ಸಾಲಾಗಿ ಕೂತಿದ್ದರು. ಟೀಚರ್ ಒಬ್ಬೊಬ್ಬರ ಕೈಗೂ ಮಾತ್ರೆ ಇಟ್ಟು, "ನುಂಗಬೇಡ, ಚೆನ್ನಾಗಿ ಅಗಿ" ಅನ್ನುತ್ತಿದ್ದರು. ನೀರು ಕುಡಿದ ಮೇಲೆ "ಆ ಅನ್ನು" ಅಂತ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ರಿಜಿಸ್ಟರಿನಲ್ಲಿ ಗುರುತು ಹಾಕಿದರು. ಜ್ವರ ಇದ್ದ ಒಬ್ಬ ಹುಡುಗನಿಗೆ ಕೊಡಲಿಲ್ಲ. ಪಕ್ಕದ ಅಂಗನವಾಡಿಯಲ್ಲಿ ಎರಡು ಚಮಚದ ನಡುವೆ ಮಾತ್ರೆ ಒತ್ತಿ ಪುಡಿ ಮಾಡಿ, ನೀರಿನಲ್ಲಿ ಕಲಸಿ ಕುಡಿಸಿದರು. ಎರಡು ವರ್ಷ ತುಂಬದವರಿಗೆ ಅರ್ಧ ಮಾತ್ರೆ ಮಾತ್ರ. ಇಷ್ಟು ಜಾಗ್ರತೆಯಿಂದ ನಾವು ಮನೆಯಲ್ಲಿ ಕೊಡುತ್ತೇವಾ?

ಎಲ್ಲಾ ಕಡೆ ಹೀಗೆ ನಡೆಯುವುದಿಲ್ಲ. ನಮ್ಮ ಅಕ್ಕನ ಮಗ ಓದುವ ಶಾಲೆಯಲ್ಲಿ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ "ಮನೆಯಲ್ಲಿ ತಿನ್ನು" ಅಂತ ಕಳಿಸಿದ್ದರು. ಬ್ಯಾಗಿನ ತಳದಲ್ಲಿ ಪೆನ್ಸಿಲ್ ಸಿಪ್ಪೆಯ ಜೊತೆ ಪುಡಿಯಾಗಿ ಬಿದ್ದಿತ್ತು. ಹೀಗೆ ಮಾಡಿದರೆ ಇಡೀ ಕೆಲಸ ಹಾಳು. ಕೈ ತೊಳೆಯುವ ನಲ್ಲಿಯ ಹತ್ತಿರ ಸೋಪು ಇಲ್ಲದ ಶಾಲೆಗಳನ್ನೂ ನೋಡಿದ್ದೇನೆ. ಮಾತ್ರೆ ಇವತ್ತಿನ ಹುಳುವನ್ನು ಕೊಲ್ಲುತ್ತದೆ, ನಾಳೆ ಒಳಗೆ ಬರುವುದನ್ನು ತಡೆಯುವುದಿಲ್ಲ.

ಇನ್ನೊಂದು ಕೊರತೆ, ಪೋಷಕರಿಗೆ ಮೊದಲೇ ಸರಿಯಾಗಿ ತಿಳಿಸುವುದಿಲ್ಲ. ಕೆಲವು ಮಕ್ಕಳಿಗೆ ಸ್ವಲ್ಪ ಹೊಟ್ಟೆನೋವು, ವಾಂತಿ, ತಲೆಸುತ್ತು ಬರುತ್ತದೆ, ಹುಳು ಜಾಸ್ತಿ ಇದ್ದವರಿಗೆ ಹೆಚ್ಚು. ಸಾಮಾನ್ಯವಾಗಿ ಬೇಗ ಕಡಿಮೆಯಾಗುತ್ತದೆ. ಇದು ಗೊತ್ತಿಲ್ಲದೆ ವಾಟ್ಸಾಪ್ ನೋಡಿ ಸುಮ್ನೆ ಹೆದರುತ್ತಾರೆ. ನೋವು ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಒಂದೇ ಮಾತ್ರೆ ಎಲ್ಲದಕ್ಕೂ ಸಾಲದು ಅನ್ನುವುದೂ ನಿಜ. ದುಂಡುಹುಳುವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಚಾಟಿಹುಳುವಿಗೆ ಅಷ್ಟಿಲ್ಲ. ರಾತ್ರಿ ಗುದದ ಹತ್ತಿರ ತುರಿಕೆ, ದಾರದ ತುಂಡಿನಂಥ ಬಿಳಿ ಹುಳು ಕಂಡರೆ ಅದರ ಕಥೆಯೇ ಬೇರೆ. ಅದಕ್ಕೆ ಎರಡು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು, ಮನೆಮಂದಿಗೂ ಬೇಕಾಗುತ್ತದೆ. ಡಾಕ್ಟರನ್ನು ಕೇಳಿ ತಗೊಳ್ಳಿ.

ಹೆಚ್ಚಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಕೊಡುತ್ತಾರೆ. ಆ ದಿನ ನಿಮ್ಮ ಮಗು ರಜೆ ಹಾಕಿದ್ದರೆ ಕೆಲವೇ ದಿನಗಳಲ್ಲಿ ಉಳಿದವರಿಗಾಗಿ ಮಾಪ್ ಅಪ್ ದಿನ ಇರುತ್ತದೆ, ಶಾಲೆಯಲ್ಲಿ ಕೇಳಿ. ಶಾಲೆಗೆ ಹೋಗದ ಮಕ್ಕಳಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ತೋಟದ ಲೈನ್ ಮನೆಗಳಲ್ಲಿ ಅಂಥ ಮಕ್ಕಳು ಇದ್ದರೆ ನಿಮ್ಮ ಊರಿನ ಆಶಾ ಅಕ್ಕನಿಗೆ ಒಂದು ಮಾತು ಹೇಳಿ.