ನೀಲಿ ವೈಟ್ ಸ್ಪಾಟ್ ಔಷಧಿ: ಮೀನಿಗೆ ಓಕೆ, ಬಸವನಹುಳು ಇದ್ದರೆ ಬೇಡ

ರೇಟಿಂಗ್: 5ಕ್ಕೆ 2

ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂತು ಅಂದರೆ ಅಕ್ವೇರಿಯಂ ಅಂಗಡಿಯವರು ಮೊದಲು ಕೈಗೆ ಕೊಡುವುದು ಈ ನೀಲಿ ಬಾಟಲಿ. ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮನೆ ಮೋಲಿ ಮೀನುಗಳು ಚೆನ್ನಾಗಿಯೇ ಚೇತರಿಸಿಕೊಂಡವು.

ತಕರಾರು ಲೇಬಲ್ ಮೇಲೆ. ಒಳಗಿರುವುದು ಕಾಪರ್ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತ. ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಅದೇ. ಈಜಿಪ್ಟಿನ ಕಾಲುವೆಗಳಿಗೆ ಹಿಂದೆ ಇದನ್ನು ಹಾಕುತ್ತಿದ್ದದ್ದೇ ಸಿಸ್ಟೊಸೋಮಿಯಾಸಿಸ್ ಅನ್ನುವ ಪರೋಪಜೀವಿ ರೋಗ ಹರಡುವ ಬಸವನಹುಳುಗಳನ್ನು ಕೊಲ್ಲುವುದಕ್ಕೆ! ಅಂಥದ್ದನ್ನು ಮಾರುವಾಗ ಒಂದು ಸಾಲು ಎಚ್ಚರಿಕೆ ಬೇಡವಾ? ಕನ್ನಡಕ ಹಾಕಿಕೊಂಡು ಹುಡುಕಿದರೆ ಮೂಲೆಯಲ್ಲಿ ಕಾಪರ್ ಅಂತ ಇದೆ, ಅಷ್ಟೇ. ಅಂಗಡಿಯಲ್ಲಿ ಕೇಳಿದ್ದಕ್ಕೆ 'ಏನೂ ಆಗಲ್ಲ ಸಾರ್, ಹಾಕಿ' ಅಂದರು. ನಾನು ಮೀನುಗಳನ್ನು ಬೇರೆ ಟಬ್‌ಗೆ ಹಾಕಿಯೇ ಔಷಧಿ ಕೊಟ್ಟೆ. ಅದೇ ಮಾತು ನಂಬಿ ಟ್ಯಾಂಕಿಗೇ ಸುರಿದ ಗೆಳೆಯನ ಬಸವನಹುಳುಗಳು, ಅಂದರೆ ಮಿಸ್ಟರಿ ಸ್ನೇಲ್‌ಗಳು ಮೊದಲು ಮೇಯುವುದು ಬಿಟ್ಟವು, ಆಮೇಲೆ ಕೆಲವು ಮುಚ್ಚಳ ಬಿಗಿದುಕೊಂಡು ತಳ ಸೇರಿದವು, ಇನ್ನು ಕೆಲವು ಗಾಜು ಹತ್ತಿ ನೀರಿನಿಂದ ಆಚೆ ಬಂದು ಕೂತವು. ಸತ್ತಿದ್ದು ಗೊತ್ತಾಗಿದ್ದು ನಾತ ಬಂದ ಮೇಲೆ.

ತಮಾಷೆ ಅಂದರೆ, ಮಿಸ್ಟರಿ ಸ್ನೇಲ್ ರಕ್ತದಲ್ಲಿ ಆಕ್ಸಿಜನ್ ಹೊರುವುದೇ ತಾಮ್ರ ಇರುವ ಹಿಮೋಸಯನಿನ್ ಅನ್ನುವ ಪ್ರೋಟೀನ್. ಅಂದರೆ ಒಂಚೂರು ತಾಮ್ರ ಅದಕ್ಕೂ ಬೇಕು. ಜಾಸ್ತಿಯಾದರೆ ಮಾತ್ರ ಮೈಯಲ್ಲಿ ಸೋಡಿಯಂ ನಿಲ್ಲುವುದಿಲ್ಲ, ಕಥೆ ಮುಗಿಯಿತು. ಗಡಸು ನೀರಿನ ಕ್ಯಾಲ್ಸಿಯಂ ಈ ವಿಷವನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಬೋರ್‌ವೆಲ್ ನೀರಿನವರು 'ನಮ್ಮಲ್ಲಿ ಏನೂ ಆಗಲಿಲ್ಲ' ಅಂದರೆ ಆರ್‌ಓ ನೀರು ಹಾಕುವವರು ಅದನ್ನು ನಂಬಿಕೊಂಡು ಕೂರಬೇಡಿ.

ಜೊತೆಗೆ ಕಾಪರ್ ಟೆಸ್ಟ್ ಕಿಟ್ ಕೂಡ ಕೊಟ್ಟರು. ಚೆನ್ನಾಗಿದೆ, ಆದರೆ ಮೀನಿನವರಿಗೆ. ಚಾರ್ಟ್‌ನಲ್ಲಿ 0 ಆದ ಮೇಲೆ ನೇರ ಲೀಟರಿಗೆ 0.25 ಮಿಲಿಗ್ರಾಂ ತಾಮ್ರದ ಬಣ್ಣ. ಬಸವನಹುಳು ಮರಿಗಳು ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಸಾಯುತ್ತವೆ. ಕಿಟ್ ಸೊನ್ನೆ ತೋರಿಸಿತು ಅಂತ ಹೊಸ ಹುಳು ಬಿಟ್ಟರೆ ಸುಮ್ನೆ ದುಡ್ಡು ದಂಡ.

ಈಗಾಗಲೇ ಟ್ಯಾಂಕಿಗೆ ಹಾಕಿಬಿಟ್ಟಿದ್ದರೆ ಹುಳುಗಳನ್ನು ತಕ್ಷಣ ಬೇರೆ ನೀರಿಗೆ ಹಾಕಿ, ಟ್ಯಾಂಕಿನ ನೀರು ಬದಲಿಸಿ, ಫಿಲ್ಟರ್‌ಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ತಳದ ಜಲ್ಲಿಯಲ್ಲಿ, ಅದರಲ್ಲೂ ಸುಣ್ಣದ ಕಲ್ಲಿನಲ್ಲಿ, ತಾಮ್ರ ಕೂತುಕೊಂಡು ಆಮೇಲೆ ಮೆಲ್ಲಗೆ ನೀರಿಗೆ ಬಿಡುತ್ತದೆ. ಅದನ್ನೂ ಎತ್ತಿ ಬಿಸಾಕುವುದೇ ವಾಸಿ.