ಜಡಿಮಳೆಗೆ ಯಾವ ಮಾಸ್ಕ್? ಮೆಡಿಕಲ್ ಶಾಪಿನ ಸರಕಿನ ವಿಮರ್ಶೆ, ಜೊತೆಗೆ ಲಸಿಕೆಯ ಲೆಕ್ಕ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ ತೀರ್ಥಹಳ್ಳಿ ಪೇಟೆಯಲ್ಲಾಗಲಿ ಮೆಡಿಕಲ್ ಶಾಪಿಗೆ ಹೋಗಿ "ಒಂದು ಎನ್-95 ಕೊಡಿ" ಅಂದರೆ ಹೆಚ್ಚಾಗಿ ಕೈಗೆ ಬರುವುದು ಕಿವಿಗೆ ಸಿಕ್ಕಿಸುವ, ಮಧ್ಯೆ ಮಡಿಕೆಯಿದ್ದು ಹಕ್ಕಿಯ ಕೊಕ್ಕಿನಂತೆ ತೆರೆದುಕೊಳ್ಳುವ ಮಾಸ್ಕ್. ಜನರ ಬಾಯಲ್ಲಿ ಅದೇ ಎನ್-95 ಆಗಿಬಿಟ್ಟಿದೆ. ಲೆಕ್ಕಕ್ಕೆ ಅದು ಚೀನಾದ ಕೆಎನ್-95 ಮಾದರಿಯದ್ದು, ಇಲ್ಲವೇ ಯಾವ ದರ್ಜೆಯೂ ಇಲ್ಲದ ಅದರ ನಕಲು. ಎನ್-95 ಅನ್ನುವುದು ಅಮೆರಿಕದ ನಿಯಾಶ್ ಸಂಸ್ಥೆ ಕೊಡುವ ದರ್ಜೆ: 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕು. ಆ ದರ್ಜೆ ಸಿಕ್ಕ ಮಾಸ್ಕಿಗೆ ಕಿವಿದಾರ ಇರುವುದಿಲ್ಲ, ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುತ್ತದೆ. ಮೈಮೇಲೆ ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಅಚ್ಚಾಗಿರುತ್ತದೆ.

ನಮ್ಮಲ್ಲಿ ನೋಡಬೇಕಾದ ಗುರುತು ಬೇರೆ. ಭಾರತೀಯ ಮಾನಕ ಐಎಸ್ 9473, ಅದರಲ್ಲಿ ಎಫ್‌ಎಫ್‌ಪಿ2 ದರ್ಜೆ. ಇದು ಶೇ 94 ತಡೆಯುತ್ತದೆ, ಅಂದರೆ ಎನ್-95ಕ್ಕೆ ಹೆಚ್ಚುಕಡಿಮೆ ಸಮ. ಪೊಟ್ಟಣದ ಮೇಲೆ ಐಎಸ್‌ಐ ಮುದ್ರೆ, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಒತ್ತಿದರೆ ಯಾವ ಕಂಪನಿಯದ್ದು, ಪರವಾನಗಿ ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅಂಗಡಿಯ ಮುಂದೆ ನಿಂತೇ ಮಾಡಬಹುದಾದ ಕೆಲಸ. ಐದು ಪದರ, ಆರು ಪದರ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದಕ್ಕೆ ಬೆಲೆ ಕೊಡಬೇಡಿ. ಕಣ ಹಿಡಿಯುವುದು ಮಧ್ಯದ ಮೆಲ್ಟ್‌ಬ್ಲೋನ್ ಎಂಬ ನವಿರು ಎಳೆಗಳ ಪದರ. ಉಳಿದವು ಅದನ್ನು ಕಾಯುವ ಬಟ್ಟೆ ಅಷ್ಟೇ.

ಒಳ್ಳೆಯ ಮಾಸ್ಕ್ ಕೊಂಡವರೂ ಸೋಲುವುದು ಹಾಕಿಕೊಳ್ಳುವಾಗ. ಎರಡು ಪಟ್ಟಿಯಲ್ಲಿ ಮೇಲಿನದು ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಎರಡನ್ನೂ ಕುತ್ತಿಗೆಗೇ ಬಿಟ್ಟುಕೊಂಡರೆ ಮೂಗಿನ ಭಾಗ ಮೇಲೆದ್ದು ನಿಲ್ಲುತ್ತದೆ. ಮೂಗಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಚೂಪಾಗಿ ಮಡಿಚಿಕೊಂಡು ಎರಡೂ ಪಕ್ಕ ಸಂದು ಬಿಡುತ್ತದೆ; ಎರಡು ಕೈಯ ಬೆರಳಿಟ್ಟು ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಬೇಕು. ಆಮೇಲೆ ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ತಂತಿ ಸರಿ ಕೂತಿಲ್ಲ, ಕಿವಿಯ ಕಡೆ ಹೋದರೆ ಪಟ್ಟಿ ಸಡಿಲ. ಕನ್ನಡಕದವರಿಗೆ ಮೂಗಿನ ಕಡೆಯ ಪರೀಕ್ಷೆ ಬೇರೆ ಬೇಡ, ಗಾಜು ಮಂಜಾದರೆ ಅದೇ ವರದಿ. ಮೂರು ದಿನದ ಗಡ್ಡ ಇದ್ದರೂ ಅಂಚು ಚರ್ಮಕ್ಕೆ ಕೂರುವುದಿಲ್ಲ. ಕಿವಿದಾರದ ಮಾಸ್ಕಿನಲ್ಲಿ ಈ ಬಿಗಿ ಬರುವುದು ಕಷ್ಟ. ಎರಡೂ ದಾರವನ್ನು ತಲೆಯ ಹಿಂದೆ ಪ್ಲಾಸ್ಟಿಕ್ ಕೊಕ್ಕೆಯಿಂದ ಜೋಡಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ, ಕಿವಿಯ ಹಿಂದಿನ ಉರಿಯೂ ಹೋಗುತ್ತದೆ.

ಇಷ್ಟು ಬೆಂಗಳೂರಿಗೂ ಅನ್ವಯಿಸುವ ಮಾತು. ಮಲೆನಾಡಿನಲ್ಲಿ ಇದರ ಮೇಲೆ ಮಳೆಗಾಲ ಒಂದು ಬರುತ್ತದೆ. ಆರಿದ್ರೆಯಿಂದ ಶುರುವಾದರೆ ಎರಡು ತಿಂಗಳು ಗೋಡೆಯೂ ಬೆವರುವ ಊರಿನಲ್ಲಿ ಮಾಸ್ಕ್ ಒಣಗುವುದು ಹೇಗೆ? ಇಲ್ಲಿ ಒದ್ದೆಯಾದದ್ದನ್ನೆಲ್ಲ ಬಚ್ಚಲೊಲೆಯ ಮೇಲೆ ಹರವುವುದು ವಾಡಿಕೆ. ಎನ್-95 ಹಾಳಾಗುವುದಕ್ಕೆ ಅದಕ್ಕಿಂತ ಚೊಕ್ಕ ದಾರಿ ಬೇರೆ ಬೇಡ. ಮೆಲ್ಟ್‌ಬ್ಲೋನ್ ಪದರ ಪಾಲಿಪ್ರೊಪಿಲೀನ್ ಎಳೆಗಳದ್ದು, ಆ ಎಳೆಗಳಿಗೆ ತಯಾರಿಯಲ್ಲೇ ಸ್ಥಿರ ವಿದ್ಯುತ್ತಿನ ಆವೇಶ ತುಂಬಿರುತ್ತಾರೆ. ಸಣ್ಣ ಕಣಗಳನ್ನು ಎಳೆದು ಹಿಡಿಯುವುದು ಆ ಆವೇಶವೇ, ಜರಡಿಯ ಕಣ್ಣಲ್ಲ. ಎನ್ ಅಕ್ಷರದ ಅರ್ಥವೇ ಎಣ್ಣೆಗೆ ತಡೆಯದು ಎಂದು. ಸೌದೆ ಹೊಗೆಯ ಜಿಡ್ಡು ಎಳೆಗೆ ಮೆತ್ತಿದರೆ ಆವೇಶ ಇಳಿಯುತ್ತದೆ. ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಸೋಪಿನಲ್ಲಿ ತೊಳೆದರೂ ಸ್ಯಾನಿಟೈಸರ್ ಸಿಂಪಡಿಸಿದರೂ ಇದೇ ಗತಿ. ಬರೀ ಮಳೆನೀರು ಅಷ್ಟು ಕೆಡುಕು ಮಾಡುವುದಿಲ್ಲ, ಆದರೆ ನೆನೆದ ಮಾಸ್ಕಿನಲ್ಲಿ ಉಸಿರೆಳೆಯುವುದು ಹೆಣಗಾಟ, ಆಗ ಗಾಳಿ ಸಂದಿನ ದಾರಿ ಹಿಡಿಯುತ್ತದೆ.

ಮತ್ತೆ ಬಳಸುವುದಿದ್ದರೆ ತಲಾ ಐದು ಮಾಸ್ಕ್ ಇಟ್ಟುಕೊಂಡು ದಿನಕ್ಕೊಂದರಂತೆ ಸರದಿ ಮಾಡುವುದು ಸರಿ. ಹಾಕಿದ್ದನ್ನು ಹೆಸರು ಬರೆದ ಕಾಗದದ ಕವರಿಗೆ ಹಾಕಿ, ಅಡುಗೆಮನೆ ಬಿಟ್ಟು ಒಳಕೋಣೆಯಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಟ್ಟರೆ ಶ್ರಾವಣದಲ್ಲಿ ಮೂರೇ ದಿನಕ್ಕೆ ಕರಿ ಚುಕ್ಕೆಯ ಬೂಷ್ಟು. ಒಂದನ್ನು ಐದು ಸಲಕ್ಕಿಂತ ಹೆಚ್ಚು ಹಾಕಬೇಡಿ. ಮೊದಲು ಸೋಲುವುದು ಬಟ್ಟೆಯಲ್ಲ, ಪಟ್ಟಿಯ ಎಳೆತ. ಮೂಗಿನ ಒಳಬದಿಯ ಸ್ಪಂಜು ಪುಡಿಯಾಗತೊಡಗಿದರೆ ಸಲ ಲೆಕ್ಕ ಹಾಕುವುದೇ ಬೇಡ, ಬಿಸಾಕಿ.

ನೀಲಿ ಸರ್ಜಿಕಲ್ ಮಾಸ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ಮೈ ಹೊರಗೆ, ಬಿಳಿ ಒಳಗೆ, ಹೊರಗಿನ ನೆರಿಗೆ ಕೆಳಮುಖ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೂರು ಪದರದ್ದಕ್ಕೆ 10 ರೂಪಾಯಿ ಮಿತಿ ಹಾಕಬೇಕಾದಷ್ಟು ಬೆಲೆ ಏರಿತ್ತು. ಆಮೇಲೆ ಅಗ್ಗವಾದಾಗ ಮಧ್ಯದ ಪದರವೇ ಇಲ್ಲದ ಸರಕು ಬಂತು. ಪೆಟ್ಟಿಗೆ ಕೊಂಡರೆ ಒಂದನ್ನು ಕತ್ತರಿಸಿ ನೋಡಿ: ಮೂರು ಹಾಳೆ ಬಿಡಿಸಿಕೊಳ್ಳಬೇಕು, ನಡುವಿನದು ಅಚ್ಚ ಬಿಳಿ, ಮೆದು. ಇನ್ನೊಂದನ್ನು ಬಟ್ಟಲಿನಂತೆ ಹಿಡಿದು ಎರಡು ಚಮಚ ನೀರು ಹಾಕಿ, ತೊಟ್ಟಿಕ್ಕಬಾರದು. ಪಕ್ಕದ ಸಂದಿಗೆ ಒಂದು ಉಪಾಯ ಇದೆ. ದಾರವನ್ನು ಮಾಸ್ಕಿನ ಅಂಚಿಗೆ ತಾಗಿಸಿ ಗಂಟು ಹಾಕಿ, ಉಬ್ಬಿದ ಅಂಚನ್ನು ಒಳಕ್ಕೆ ಮಡಿಚಿ ಹಾಕಿಕೊಂಡರೆ ಕೆನ್ನೆಗೆ ಚೆನ್ನಾಗಿ ಅಂಟುತ್ತದೆ. ಸರ್ಜಿಕಲ್ ಮೇಲೆ ಬಟ್ಟೆ ಮಾಸ್ಕ್ ಹಾಕಿದರೂ ಸಾಕು. ಎರಡು ಸರ್ಜಿಕಲ್ ಒಟ್ಟಿಗೆ ಹಾಕಿದರೆ ಸಂದು ಹಾಗೇ ಉಳಿಯುತ್ತದೆ, ದುಡ್ಡು ದಂಡ.

ಬಟ್ಟೆಯದ್ದು ಒಗೆದು ಬಳಸಬಹುದು ಅನ್ನುವುದೇ ಅದರ ಗುಣ. ಒಳಗೆ ನೀರು ಹೀರುವ ಹತ್ತಿ, ನಡುವೆ ಒಂದು ಪದರ, ಹೊರಗೆ ಪಾಲಿಯೆಸ್ಟರ್ ಇದ್ದರೆ ಒಪ್ಪಬಹುದು. ಟ್ಯೂಬ್‌ಲೈಟಿಗೆ ಹಿಡಿದಾಗ ಬೆಳಕು ಚುಕ್ಕೆಚುಕ್ಕೆಯಾಗಿ ಕಂಡರೆ ಬೇಡ. ಇದನ್ನು ಮಾತ್ರ ಬಚ್ಚಲೊಲೆಯ ಮೇಲೆ ಧಾರಾಳವಾಗಿ ಒಣಗಿಸಿ. ಹೊಗೆಯ ವಾಸನೆ ಬಿಟ್ಟರೆ ಕೆಡುವಂಥದ್ದು ಏನಿಲ್ಲ. ಕವಳ (ಎಲೆಅಡಿಕೆ) ಹಾಕುವವರಿಗೆ ಯಾವ ಮಾಸ್ಕೂ ಆಗಿಬರುವುದಿಲ್ಲ. ಉಗಿಯಲು ಹತ್ತು ನಿಮಿಷಕ್ಕೊಮ್ಮೆ ಗಲ್ಲಕ್ಕೆ ಎಳೆಯುವುದು, ಮತ್ತೆ ಕೆಂಪು ಬೆರಳಿನಲ್ಲಿ ಮೇಲೇರಿಸುವುದು. ಅವರಿಗೆ ಗಾಢ ಬಣ್ಣದ ಬಟ್ಟೆಯದ್ದೇ ಗತಿ.

ಮುಂದೆ ಬಿರಡೆಯಂಥ ವಾಲ್ವ್ ಇರುವ ಮಾಸ್ಕಿನಲ್ಲಿ ಉಸಿರಾಟ ಸಲೀಸು, ಸೆಕೆಯೂ ಕಡಿಮೆ. ಆದರೆ ಬಿಡುವ ಉಸಿರು ಸೋಸದೆ ಹೊರಗೆ ಹೋಗುತ್ತದೆ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸಾರ್ವಜನಿಕರು ಇದನ್ನು ಬಳಸಬಾರದೆಂದು ಹೇಳಿದ್ದು ಅದಕ್ಕೇ. ಜ್ವರದ ಮನೆಗೆ, ಆಸ್ಪತ್ರೆಗೆ ಬೇಡ. ತೋಟಕ್ಕೆ ಮಾತ್ರ ಇದೇ ಒಳ್ಳೆಯದು. ಒಣಗಿದ ಚಾಲಿ ಅಡಿಕೆ ಸುಲಿಯುವಾಗ ಏಳುವ ಧೂಳಿಗೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಅಳೆಯುವಾಗಿನ ಪುಡಿಗೆ ವಾಲ್ವ್ ಇರುವ ಎಫ್‌ಎಫ್‌ಪಿ2 ಸರಿಯಾದ ಆಯ್ಕೆ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ದ್ರಾವಣ ಹೊಡೆಯುವಾಗ ಕೆಳಗೆ ನಿಂತು ಪೈಪ್ ಹಿಡಿದವನ ಮೇಲೂ ತುಂತುರು ಬೀಳುತ್ತದೆ. ಮಾಸ್ಕ್ ನೆಂದ ಕೂಡಲೇ ಬದಲಿಸಬೇಕು, ಕಣ್ಣಿಗೆ ಗಾಗಲ್ ಬೇರೆ ಬೇಕು. ಘಾಟು ಬರುವ ಕೀಟನಾಶಕಕ್ಕೆ ಈ ಯಾವುದೂ ಸಾಲದು, ಆವಿಯನ್ನು ಎನ್-95 ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು.

ಒಂದೇ ಮಾಸ್ಕ್ ಕೊಳ್ಳುವವರಿಗೆ ನಮ್ಮ ಶಿಫಾರಸು ವಾಲ್ವ್ ಇಲ್ಲದ, ತಲೆಪಟ್ಟಿಯ ಎಫ್‌ಎಫ್‌ಪಿ2. ಕಾರಣ ಬಸ್ಸು. ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಕಡೆಗೆ ಹೊರಟ ಬಸ್ಸಿನಲ್ಲಿ ಎಲ್ಲ ಕಿಟಕಿಯೂ ಮುಚ್ಚಿರುತ್ತದೆ, ಅರ್ಧ ಜನ ನಿಂತಿರುತ್ತಾರೆ, ಗಾಳಿ ಹೊರಳುವುದು ಬಾಗಿಲು ತೆಗೆದಾಗ ಮಾತ್ರ. ಮಾಸ್ಕಿನ ದರ್ಜೆಗೆ ಅರ್ಥ ಬರುವುದು ಅಂಥ ಕಡೆ. ತೋಟದ ದಾರಿಯಲ್ಲಿ ಒಬ್ಬರೇ ನಡೆಯುವಾಗ ಜೇಬಿನಲ್ಲಿದ್ದರೂ ನಡೆಯುತ್ತದೆ.

ಇನ್ನು ಲಸಿಕೆ. ಕೋವಿಶೀಲ್ಡೋ ಕೋವ್ಯಾಕ್ಸಿನ್ನೋ ಎಂಬ ಚರ್ಚೆ 2021ರಲ್ಲಿ ಕಟ್ಟೆಕಟ್ಟೆಯಲ್ಲೂ ನಡೆಯಿತು, ಇವತ್ತಿಗೂ ಮುಗಿದಿಲ್ಲ. ಪುಣೆಯ ಸೀರಮ್ ಸಂಸ್ಥೆಯ ಕೋವಿಶೀಲ್ಡ್‌ನಲ್ಲಿ ಚಿಂಪಾಂಜಿಯ ನೆಗಡಿ ವೈರಸ್ಸಿನ ಬೆನ್ನ ಮೇಲೆ ಕೊರೊನಾದ ಮುಳ್ಳಿನ ವಂಶವಾಹಿ ಕೂರಿಸಿದ್ದರು. ಹೈದರಾಬಾದಿನ ಭಾರತ್ ಬಯೋಟೆಕ್‌ನ ಕೋವ್ಯಾಕ್ಸಿನ್‌ನಲ್ಲಿ ಇಡೀ ವೈರಸ್ಸನ್ನೇ ನಿಷ್ಕ್ರಿಯಗೊಳಿಸಿ ಕೊಡುತ್ತಿದ್ದರು. ಎರಡೂ ಅರ್ಧ ಎಂಎಲ್, ಎರಡೂ ತೋಳಿಗೆ, ಎರಡೂ 2ರಿಂದ 8 ಡಿಗ್ರಿಯ ಐಸ್ ಬಾಕ್ಸಿನಲ್ಲಿ ಬರುತ್ತಿದ್ದವು. ಪ್ರಯೋಗದಲ್ಲಿ ಕೋವ್ಯಾಕ್ಸಿನ್‌ಗೆ ಶೇ 77.8, ಹನ್ನೆರಡು ವಾರದ ಅಂತರದ ಕೋವಿಶೀಲ್ಡ್‌ಗೆ ಸುಮಾರು ಶೇ 81 ರಕ್ಷಣೆ ಎಂಬ ಅಂಕಿ ಬಂತು. ಇವನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪು. ಪ್ರಯೋಗ ನಡೆದ ದೇಶ ಬೇರೆ, ತಿಂಗಳು ಬೇರೆ, ಆಗ ಓಡಾಡುತ್ತಿದ್ದ ವೈರಸ್ಸೇ ಬೇರೆ.

ನಿಜವಾದ ವ್ಯತ್ಯಾಸ ಕ್ಯಾಲೆಂಡರಿನಲ್ಲಿತ್ತು. ಎರಡು ಡೋಸಿನ ನಡುವೆ ಕೋವ್ಯಾಕ್ಸಿನ್‌ಗೆ 28 ದಿನ. ಕೋವಿಶೀಲ್ಡ್‌ಗೆ ಮೊದಲು ನಾಲ್ಕು ವಾರ, ಮಾರ್ಚ್‌ನಲ್ಲಿ ಆರರಿಂದ ಎಂಟು, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು. ಮಳೆಗಾಲಕ್ಕೆ ಮುಂಚೆ ಎರಡೂ ಡೋಸ್ ಮುಗಿಯಬೇಕು ಎಂದವರಿಗೆ ಕೋವ್ಯಾಕ್ಸಿನ್ ಅನುಕೂಲವಾಗಿತ್ತು. ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಟವರಿಗೆ ಕೋವಿಶೀಲ್ಡ್: ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ 2021ರ ಫೆಬ್ರುವರಿಯಲ್ಲೇ ಇತ್ತು, ಕೋವ್ಯಾಕ್ಸಿನ್‌ಗೆ ಸಿಕ್ಕಿದ್ದು ನವೆಂಬರ್ 3ಕ್ಕೆ. ಖಾಸಗಿ ಆಸ್ಪತ್ರೆಯ ಗರಿಷ್ಠ ದರವೂ ಆ ಜೂನ್‌ನಲ್ಲಿ ಕೋವಿಶೀಲ್ಡ್‌ಗೆ 780, ಕೋವ್ಯಾಕ್ಸಿನ್‌ಗೆ 1,410 ರೂಪಾಯಿ ಇತ್ತು. ಸರ್ಕಾರಿ ಕೇಂದ್ರದಲ್ಲಿ ಕಾಸಿರಲಿಲ್ಲ, ಆಯ್ಕೆಯೂ ಇರಲಿಲ್ಲ. ಅವತ್ತಿನ ಬಾಕ್ಸಿನಲ್ಲಿ ಬಂದದ್ದೇ ಲಸಿಕೆ. ಅಲ್ಲೂ ಹತ್ತು ಡೋಸಿನ ಬಾಟಲಿ ಒಮ್ಮೆ ಚುಚ್ಚಿದರೆ ನಾಲ್ಕು ಗಂಟೆಯಲ್ಲಿ ಖಾಲಿಯಾಗಬೇಕಿತ್ತು. ಮನೆಗಳೇ ಮೈಲಿಗೊಂದು ಇರುವ ಕಡೆ "ಇನ್ನಿಬ್ಬರು ಬರ್ಲಿ, ಓಪನ್ ಮಾಡ್ತೀವಿ ಅಣ್ಣಾ" ಎಂದು ಸಿಬ್ಬಂದಿ ಅನ್ನುತ್ತಿದ್ದುದಕ್ಕೆ ಕಾರಣ ಸೋಮಾರಿತನವಲ್ಲ, ಈ ಲೆಕ್ಕ.

ಜ್ವರ, ಮೈಕೈ ನೋವು ಕೋವಿಶೀಲ್ಡ್‌ನ ಮೊದಲ ಡೋಸಿಗೆ ಜೋರು, ಎರಡನೆಯದಕ್ಕೆ ಕಡಿಮೆ. ಒಂದೆರಡು ದಿನ, ಪ್ಯಾರಾಸಿಟಮಾಲ್ ಸಾಕು. ಕೋವ್ಯಾಕ್ಸಿನ್ ಸಾಮಾನ್ಯವಾಗಿ ಸೌಮ್ಯ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಇರುವುದು ಸುಳ್ಳಲ್ಲ. ಆದರೆ ಅದು ಕಾಣಿಸಿಕೊಳ್ಳುವುದು ಚುಚ್ಚಿಸಿಕೊಂಡ ನಾಲ್ಕನೇ ದಿನದಿಂದ ಕೆಲವು ವಾರಗಳ ಒಳಗೆ: ಬಿಡದ ತಲೆನೋವು, ಏದುಸಿರು, ಹೊಟ್ಟೆನೋವು, ಒಂದೇ ಕಾಲು ಊದುವುದು. ವರ್ಷಗಳ ಹಿಂದೆ ಹಾಕಿಸಿಕೊಂಡವರು ಇವತ್ತು ಆ ಕಾರಣಕ್ಕೆ ರಕ್ತ ಪರೀಕ್ಷೆಗೆ ಓಡುವುದರಲ್ಲಿ ಅರ್ಥವಿಲ್ಲ.

ಈಗ ದುಡ್ಡು ಕೊಟ್ಟು ಆರಿಸಿಕೊಳ್ಳುವಂಥದ್ದು ಫ್ಲೂ ಲಸಿಕೆ. ಅರವತ್ತು ದಾಟಿದವರು, ಉಬ್ಬಸ, ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ರಕ್ಷಣೆ ಬರಲು ಎರಡು ವಾರ ಬೇಕು, ಆದ್ದರಿಂದ ಮುಂಗಾರು ಹಿಡಿಯುವ ಮೊದಲು, ಮೇ ಮಧ್ಯದೊಳಗೆ. ಪೆಟ್ಟಿಗೆಯ ಮೇಲೆ ಯಾವ ವರ್ಷದ ತಳಿ ಎಂದು ಬರೆದಿರುತ್ತದೆ, ಕಳೆದ ವರ್ಷದ್ದು ಉಳಿದಿದ್ದರೆ ತೆಗೆದುಕೊಳ್ಳಬೇಡಿ.

ಮಂಗನ ಕಾಯಿಲೆಗೆ ಮಾಸ್ಕ್ ಕೇಳುವವರು ಈಗಲೂ ಇದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಸಿರಿನಿಂದ ಹರಡುವುದಲ್ಲ, ಉಣುಗು (ಉಣ್ಣಿ) ಕಚ್ಚಿ ಬರುವುದು. ಮಾಸ್ಕ್ ದಂಡ. ಹಳೆಯ ಲಸಿಕೆಯ ಎರಡು ಡೋಸಿಗೆ ಶೇ 62, ಬೂಸ್ಟರ್ ಸೇರಿದರೆ ಶೇ 83 ರಕ್ಷಣೆ ಇತ್ತು. ಸೂಜಿಯ ಜಾಗ ಉರಿಯುತ್ತಿದ್ದುದರಿಂದ ಬೂಸ್ಟರಿಗೆ ಬರುವವರೇ ಕಡಿಮೆ ಇದ್ದರು. ಈಗ ಆ ಲಸಿಕೆಯೇ ನಿಂತಿದೆ. ನವೆಂಬರಿನಿಂದ ಮೇವರೆಗೆ ದರಗು (ಒಣ ಎಲೆ) ತರಲು ಸೊಪ್ಪಿನಬೆಟ್ಟಕ್ಕೆ ಹೋಗುವವರು ಆರೋಗ್ಯ ಇಲಾಖೆ ಕೊಡುವ, ಉಣುಗು ದೂರವಿಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳಬೇಕು. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ಸೊಂಟದ ಪಟ್ಟಿ, ಮಂಡಿಯ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬೇಡ, ಬೆರಳಿನಲ್ಲಿ ಹಿಸುಕುವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ.